ಬೆಳಕ ನೋಡೋ ಕೆಲಸ

ಸಮುದ್ರ ಹೆಂಗಿರುತ್ತದೆ ಎಂಬುದು ಫಕ್ಕೀರವ್ವನಿಗೆ ಗೊತ್ತಿರಲಿಲ್ಲ. ಅದರ ವಾಸನೆ ಮಾತ್ರ ಗೊತ್ತಿತ್ತು.

ಹಿರೇಕೆರೂರು ದಾಟಿ ಮೂರು ಮೈಲಿಗೆ, ರಸ್ತೆ ಪಕ್ಕದಲ್ಲಿ, ಶಂಭುಲಿಂಗ ಸಾವುಕಾರನ ಗೋವಿನಜೋಳದ ಗೋದಾಮು. ವಾರಕ್ಕೆ ನಾಲ್ಕು ಸಲ ಅಲ್ಲಿಗೆ ಕಬ್ಬಿಣದ ಡಬ್ಬಿ ಬರುತ್ತಿತ್ತು. ಕೇರಿಯ ಯಾವ ಮನೆಗಿಂತಲೂ ಉದ್ದ. ದೊಡ್ಡ ಲಾರಿಯ ಬೆನ್ನ ಮೇಲೆ ಬಂದರಿನಿಂದ ಖಾಲಿ ಬಂದು, ಜೋಳ ತುಂಬಿಕೊಂಡು ಮತ್ತೆ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗು. ಹಡಗಿನಿಂದ ಯಾವುದೋ ದೇಶ. ಆ ದೇಶದ ಕೋಳಿಗಳು ಈ ಜೋಳ ತಿಂತಾವ ಎಂದು ಸೂಪರ್‌ವೈಜರ್ ಮಾಲತೇಶ ಒಮ್ಮೆ ಹೇಳಿದ್ದ. ಅದನ್ನು ಕೇಳಿ ಅನ್ನವ್ವ ದಿನವಿಡೀ ನಕ್ಕಿದ್ದಳು. ನಾವು ಬಸ್ಸಿನ್ಯಾಗ ನಿಂತು ಬರ್ತೇವಿ, ಕೋಳಿ ತಿನ್ನೋ ಜೋಳ ಹಡಗಿನ್ಯಾಗ ಮಲಕ್ಕೊಂಡು ಹೊಕ್ಕೈತಿ ನೋಡ ಎಂದಿದ್ದಳು.

ಅನ್ನವ್ವ, ಫಕ್ಕೀರವ್ವ ಇಬ್ಬರೂ ಒಂದೇ ಕೇರಿಯವರು. ಅನ್ನವ್ವನಿಗೆ ಅರವತ್ತು ದಾಟಿತ್ತು. ಫಕ್ಕೀರವ್ವನಿಗೆ ನಲವತ್ತೆಂಟು. ಖಾಲಿ ಡಬ್ಬಿ ಬಂದ ಕೂಡಲೇ ಇವರ ಕೆಲಸ ಶುರು. ಒಳಗೆ ಹೋಗಬೇಕು. ಹಿಂದೆ ಏನು ತುಂಬಿದ್ದರೋ ಅದರ ಪುಡಿ ಮೂಲೆ ಮೂಲೆಗೆ ಕೂತಿರುತ್ತಿತ್ತು. ಅದನ್ನು ಗುಡಿಸಬೇಕು. ಕಸಬರಿಗೆ ಹೋಗದ ಸಂದಿಯಲ್ಲಿ ಬೆರಳು ಹಾಕಿ ಕೆರೆಯಬೇಕು. ಬಿಸಿಲಿಗೆ ಕಬ್ಬಿಣ ಕಾದಿರುತ್ತಿತ್ತು. ಗೋಡೆಗೆ ಭುಜ ತಾಗಿದರೆ ಕುಪ್ಪಸ ದಾಟಿ ಸುಡುತ್ತಿತ್ತು. ಬೆವರು ಹಲಗೆಯ ಮೇಲೆ ಬಿದ್ದರೆ ಅದನ್ನೂ ಒರೆಸಬೇಕು. ಒದ್ದೆ ಕಂಡರೆ ಬಂದರಿನವರು ಡಬ್ಬಿ ಒಪ್ಪುವುದಿಲ್ಲ.

ಗುಡಿಸಿದ ಮೇಲೆ ಬೆಳಕು ನೋಡುವುದು. ಒಬ್ಬಳು ಒಳಗೆ ನಿಲ್ಲಬೇಕು. ಹೊರಗಿನವರು ಎರಡೂ ಬಾಗಿಲು ಹಾಕಿ ಸಲಾಕೆ ತಿರುವಬೇಕು. ಒಳಗೆ ಕಗ್ಗತ್ತಲು. ಕಣ್ಣು ಹೊಂದಿದ ಮೇಲೆ ತಲೆಯ ಮೇಲೆ, ಗೋಡೆಯಲ್ಲಿ, ಎಲ್ಲಾದರೂ ಸಾಸಿವೆಯಷ್ಟು ಬೆಳಕು ಕಂಡರೆ ಅದು ತೂತು. ತೂತಿದ್ದರೆ ಹಡಗಿನಲ್ಲಿ ಸಮುದ್ರದ ನೀರು ಒಳಗೆ ಬರುತ್ತದೆ. ಜೋಳ ಮುಗ್ಗುತ್ತದೆ. ಅನ್ನವ್ವ ಅದನ್ನು ತೂತು ಎನ್ನುತ್ತಿರಲಿಲ್ಲ. ಆಕಾಶದ ನಕ್ಷತ್ರಕ್ಕೆ ಅಂದಂತೆ ಚಿಕ್ಕಿ ಎನ್ನುತ್ತಿದ್ದಳು. ಬಾಗಿಲು ತೆಗೆದ ಕೂಡಲೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಎರಡ ಚಿಕ್ಕಿ ಅದಾವ, ಒಂದು ಮಾಳಗಿಗೆ, ಒಂದು ಬಲಗಡೆ ಎಂದು ಕೈ ಮಾಡಿ ತೋರಿಸುತ್ತಿದ್ದಳು. ಅವಳು ತೋರಿಸಿದ್ದು ಎಂದೂ ತಪ್ಪಿರಲಿಲ್ಲ.

ಈ ಕೆಲಸ ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಹೆಂಗೆ ಎಂದರೆ, ಗಂಡಸರು ಒಲ್ಲೆ ಎಂದದ್ದಕ್ಕೆ. ಹಮಾಲರು ಹೊರುತ್ತೇವೆ, ಗುಡಿಸುವುದಿಲ್ಲ ಎಂದರು. ಕಸಬರಿಗೆ ಹಿಡಿಯುವುದು ಕೇರಿಯವರ ಕೆಲಸ ಎಂದು ಸಾವುಕಾರನೂ ತಲೆಯಾಡಿಸಿದ. ಗುಡಿಸುವವರೇ ಒಳಗಿದ್ದಾರಲ್ಲ, ಬಾಗಿಲು ಹಾಕಿದರೆ ಆಯಿತು, ಬೆಳಕನ್ನೂ ನೋಡುತ್ತಾರೆ ಎಂದ. ಹಂಗೆ ಒಂದಕ್ಕೊಂದು ಅಂಟಿಕೊಂಡು ಬಂತು. ಯಾವ ಪಟ್ಟಿಯಲ್ಲೂ ಇವರ ಹೆಸರಿರಲಿಲ್ಲ. ನೀರು ಕುಡಿಯಲು ಗೋಡೆಯ ಮೊಳೆಗೆ ಕೆಂಪು ಮಗ್ಗು ಬೇರೆ ನೇತು ಹಾಕಿದ್ದರು. ಅದರಲ್ಲೇ ಕುಡಿಯಬೇಕು, ಅಲ್ಲೇ ನೇತು ಹಾಕಬೇಕು.

ಮೊದಲು ಹಿಂಗಿರಲಿಲ್ಲ. ಫಕ್ಕೀರವ್ವನ ಗಂಡ ದ್ಯಾಮಪ್ಪ ಇದೇ ಗೋದಾಮಿನಲ್ಲಿ ಹಮಾಲ. ಆಗ ಜೋಳ ಗೋಣಿಚೀಲದಲ್ಲಿ ಹೋಗುತ್ತಿತ್ತು. ಇಪ್ಪತ್ತು ಮಂದಿ ಸಾಲಾಗಿ ಹಲಗೆ ಹತ್ತಿ ಲಾರಿಗೆ ಒಗೆಯುತ್ತಿದ್ದರು. ಒಮ್ಮೆ ಲಾರಿಯ ಜೋಡಿ ದ್ಯಾಮಪ್ಪ ಬಂದರಿಗೂ ಹೋಗಿ ಬಂದಿದ್ದ. ಅಲ್ಲಿ ಇರುವೆ ಸಾಲಿನಂತೆ ಜನ ಚೀಲ ಹೊತ್ತು ಹಡಗಿಗೆ ಹತ್ತುವುದನ್ನು ನೋಡಿ, ಏ ಅಲ್ಲೂ ನಮ್ಮವರ ಅದಾರ ಎಂದು ಬಂದು ಹೇಳಿದ್ದ. ಆಮೇಲೆ ಡಬ್ಬಿ ಬಂತು. ಡಬ್ಬಿಯ ಒಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಕಟ್ಟಿ, ಕೊಳವೆ ಹಿಡಿದು, ಯಂತ್ರ ಊದುತ್ತದೆ. ಒಂದು ತಾಸಿಗೆ ಡಬ್ಬಿ ತುಂಬುತ್ತದೆ. ಇಪ್ಪತ್ತು ಹಮಾಲರಲ್ಲಿ ನಾಲ್ವರು ಉಳಿದರು. ದ್ಯಾಮಪ್ಪ ಉಳಿಯಲಿಲ್ಲ. ಹೆಗಲ ಮೇಲಿನ ಗಂಟು ಮಾತ್ರ ಉಳಿಯಿತು. ಈಗ ಕತ್ತು ಎಡಕ್ಕೆ ಹೊರಳುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾನೆ.

ಜೋಳ ಹೊರಾಕ ಯಂತ್ರ ಬಂತು, ತೂತ ನೋಡಾಕ ಯಾಕ ಬರಲಿಲ್ಲ ಎಂದು ಫಕ್ಕೀರವ್ವ ಒಂದು ಸಲ ಕೇಳಿದ್ದಳು. ಅದಕ್ಕೆ ದ್ಯಾಮಪ್ಪ ಹೇಳಿದ, “ಯಂತ್ರ ಕೆಟ್ಟರ ರಿಪೇರಿಗೆ ರೊಕ್ಕ ಬೀಳ್ತಾವಲ್ಲ.”

ಒಳಗೆ ನಿಂತಾಗ ಅನ್ನವ್ವ ಹಾಡುತ್ತಿದ್ದಳು. ಅದು ಇವರೇ ಮಾಡಿಕೊಂಡ ಕಟ್ಟಳೆ. ಹಾಡು ಕೇಳುತ್ತಿದ್ದರೆ ಒಳಗಿನ ಜೀವ ಗಟ್ಟಿಯಿದೆ. ಹಾಡು ನಿಂತರೆ ಏನನ್ನೂ ಕೇಳದೆ ಬಾಗಿಲು ತೆಗಿ. ಬೀಸುವ ಕಲ್ಲಿನ ಮುಂದೆ ಕಲಿತ ಧಾಟಿ, ಮಾತು ಅವಳವೇ. ಸಾವುಕಾರನ ಹೆಂಡತಿಯ ಮೂಗುತಿ ಬರುತ್ತಿತ್ತು, ಮಾಲತೇಶನ ಬಿಗಿ ಪ್ಯಾಂಟು ಬರುತ್ತಿತ್ತು. ಕಬ್ಬಿಣದ ಒಳಗಿಂದ ಆ ಹಾಡು ಕೊಡದೊಳಗೆ ಬಾಯಿ ಇಟ್ಟು ಹಾಡಿದಂತೆ ಕೇಳುತ್ತಿತ್ತು. ಹೊರಗೆ ಸಲಾಕೆ ಹಿಡಿದು ನಿಂತ ಫಕ್ಕೀರವ್ವ ನಗು ತಡೆಯಲಾರದೆ ಸೆರಗು ಕಚ್ಚುತ್ತಿದ್ದಳು.

ಹೋದ ದೀಪಾವಳಿ ಮುಗಿದ ಕೂಡಲೇ ಕಾಯಿದೆ ಬದಲಾಯಿತು. ಎರಡು ಡಬ್ಬಿಯ ಜೋಳ ಹಡಗಿನಲ್ಲಿ ಮುಗ್ಗಿತಂತೆ. ಕೊಳ್ಳುವವರು ತಕರಾರು ತೆಗೆದರಂತೆ. ಇನ್ನು ಮುಂದೆ ಬಂದರಿನಲ್ಲಿ ಕೂತ ಒಬ್ಬ ಸಾಹೇಬ ಮೊಬೈಲಿನಲ್ಲಿ ಎಲ್ಲವನ್ನೂ ಕಣ್ಣಾರೆ ನೋಡುತ್ತಾನೆ. ಗುಡಿಸಿದ ನೆಲ ನೋಡುತ್ತಾನೆ. ಬಾಗಿಲು ಹಾಕಿದ್ದು ನೋಡುತ್ತಾನೆ. ಅವನು ನೋಡುತ್ತಿರುವಾಗಲೇ ಬಾಗಿಲು ತೆಗೆಯಬೇಕು. ನಡುವೆ ತೆಗೆದರೆ ಮತ್ತೆ ಮೊದಲಿಂದ. ಎಲ್ಲ ಸರಿಯಿದ್ದರೆ ಮಾಲತೇಶನ ಮೊಬೈಲಿನಲ್ಲಿ ಹಸಿರು ಗುರುತು ಮೂಡುತ್ತದೆ. ಆಮೇಲೇ ಜೋಳ ತುಂಬುವುದು. ಡಬ್ಬಿ ಇಂಥ ದಿನ ಇಂಥ ತಾಸಿಗೆ ಬಂದರಿನ ಗೇಟಿನಲ್ಲಿರಬೇಕು. ತಪ್ಪಿದರೆ ಹಡಗು ಬಿಟ್ಟು ಹೋಗುತ್ತದೆ.

ಮೊದಲ ದಿನವೇ ಆ ಸಾಹೇಬ ಮೊಬೈಲಿನೊಳಗಿಂದ ಅದೇನು ಗದ್ದಲ, ನಿಮ್ಮ ಮಾತು ಕೇಳುತ್ತಿಲ್ಲ ಎಂದ. ಅನ್ನವ್ವ ಹಾಡುತ್ತಿದ್ದಳು. ಮಾಲತೇಶ ಓಡಿ ಬಂದು ಡಬ್ಬಿಗೆ ಗುದ್ದಿದ. ಅಂದಿನಿಂದ ಹಾಡು ಬಂದ್ ಆಯಿತು. ಹಾಡಂಗಿಲ್ಲ, ಮಾತಾಡಂಗಿಲ್ಲ, ಸುಮ್ಮನ ನಿಂದ್ರಬೇಕು. ಮುಗಿದರೆ ಬಾಗಿಲಿಗೆ ಒಂದು ಸಲ ಬಡಿಯಬೇಕು. ಅನ್ನವ್ವ ಅದಕ್ಕೂ ನಕ್ಕಳು. ನಾ ಹಾಡಿದ್ದು ಸಮುದ್ರದ ತನಕ ಮುಟ್ಟೇತಲ್ಲ, ಅಷ್ಟ ಸಾಕು ಎಂದಳು.

ಏಪ್ರಿಲ್ ತಿಂಗಳು. ಮಧ್ಯಾಹ್ನ ಎರಡು ಗಂಟೆ. ಸವಣೂರಿನ ಮುಬಶೀರ ಡಬ್ಬಿ ತಂದಿದ್ದ. ಕೆಂಪು ಬಣ್ಣದ್ದು, ಮೈಯೆಲ್ಲ ಜಂಗು. ಎರಡು ದಿನ ಬಾಗಿಲು ಹಾಕಿಕೊಂಡು ಬಿಸಿಲಲ್ಲಿ ಬಂದದ್ದು. ತೆಗೆದ ಕೂಡಲೇ ಒಳಗಿಂದ ಒಂದು ಹಬೆ ಮುಖಕ್ಕೆ ಬಡಿಯಿತು.

ಡಬ್ಬಿ ತೆಗೆದಾಗ ಇವರದೊಂದು ಆಟವಿತ್ತು. ವಾಸನೆ ಹಿಡಿದು ಹಿಂದೆ ಏನು ತುಂಬಿದ್ದರು ಎಂದು ಹೇಳುವುದು. ಕಾಫಿ, ರಬ್ಬರು, ಒಣಮೀನು, ಚರ್ಮ. ಚರ್ಮದ ಡಬ್ಬಿ ಬಂದ ದಿನ ಹಮಾಲರು ಮೂಗು ಮುಚ್ಚಿಕೊಂಡು, ಇದು ನಿಮಗ ಗುರತಿನ ವಾಸನಿ ಅಲ್ಲೇನ ಎಂದು ನಕ್ಕಿದ್ದರು. ಅನ್ನವ್ವ, ಹೌದೋ ತಮ್ಮಾ, ನಿಮ್ಮ ಕಾಲಾಗಿನ ಕೆರಾ ಬಂದು ಮಾತಾಡ್ಸಾಕತ್ತಿತ್ತು ಎಂದಿದ್ದಳು. ಸಮುದ್ರದ ಉಪ್ಪಿನ ಕಮಟು ಮಾತ್ರ ಎಲ್ಲ ಡಬ್ಬಿಗೂ ಇರುತ್ತಿತ್ತು.

ಅವತ್ತು ಅನ್ನವ್ವ ಮೂಗೇರಿಸಿ ಉಸಿರು ಎಳೆದುಕೊಂಡಳು. ಎರಡು ಸಲ. ಮುಖ ಅರಳಿತು.

“ಬಳ್ಳೊಳ್ಳಿ,” ಎಂದಳು. “ಡಬ್ಬಿ ತುಂಬ ಬಳ್ಳೊಳ್ಳಿ ತಂದಾರ. ಖಾರಬ್ಯಾಳಿ ಮಾಡೂಣಂದ್ರ ಒಂದ ಗಡ್ಡಿನೂ ಉಳಿಸಿಲ್ಲ ನೋಡ.”

ಫಕ್ಕೀರವ್ವನೂ ಮೂಸಿದಳು. ಹೌದು, ಬೆಳ್ಳುಳ್ಳಿಯ ವಾಸನೆಯೇ. ಕೊಳೆತ ಮೀನಿನದೂ ಕೊಂಚ ಬೆರೆತಂತಿತ್ತು. ಮೂಲೆಗಳಲ್ಲಿ ಬೂದಿಯಂಥ ಪುಡಿ ಕೂತಿತ್ತು. ಇಬ್ಬರೂ ಗುಡಿಸಿದರು. ಪುಡಿ ಏಳಬಾರದೆಂದು ಅನ್ನವ್ವ ನೀರು ಚಿಮುಕಿಸಿದಳು. ವಾಸನೆ ಇನ್ನೂ ಹೆಚ್ಚಾಯಿತು. ಗಂಟಲು ಕೆರೆಯಿತು. ಫಕ್ಕೀರವ್ವ ಕೆಮ್ಮುತ್ತ ಹೊರಗೆ ಬಂದಳು. ಅನ್ನವ್ವ ಒಳಗೇ ಉಳಿದು ನೆಲ ಒರೆಸಿದಳು. ನೀ ಹೊರಗ ನಿಂದರು, ಬೆಳಕ ನಾ ನೋಡ್ತೇನಿ ಎಂದಳು. ಅವತ್ತು ಪಾಳಿ ಫಕ್ಕೀರವ್ವನದಿತ್ತು.

ಮಾಲತೇಶ ಮೊಬೈಲು ಹಿಡಿದ. ಸಾಹೇಬ ನೆಲ ನೋಡಿದ. ಬಾಗಿಲು ಹಾಕಿರಿ ಎಂದ. ಫಕ್ಕೀರವ್ವ ಎಡಬಾಗಿಲು ತಳ್ಳಿದಳು, ಬಲಬಾಗಿಲು ತಳ್ಳಿದಳು, ಸಲಾಕೆ ತಿರುವಿದಳು. ಸಲಾಕೆ ಸುಡುತ್ತಿತ್ತು. ಸೆರಗು ಸುತ್ತಿ ಹಿಡಿದುಕೊಂಡಳು.

ಅಷ್ಟರಲ್ಲಿ ಮೊಬೈಲಿನ ಮುಖ ನಿಂತಿತು. ಸಾಹೇಬನ ಬಾಯಿ ಅರ್ಧ ತೆರೆದು ಹಂಗೇ ಉಳಿಯಿತು. ನೆಟ್ಟವರ್ಕ ಹೋಯಿತು ಎಂದು ಮಾಲತೇಶ ಮೊಬೈಲು ಮೇಲೆತ್ತಿದ. ರಸ್ತೆಯ ಕಡೆ ನಡೆದ. ತೆಗೀಬ್ಯಾಡ, ತೆಗೀಬ್ಯಾಡ ಎಂದು ನಡೆಯುತ್ತಲೇ ಕೈ ಮಾಡಿದ.

ಒಳಗಿಂದ ಒಂದು ಬಡಿತ ಬಂತು. ಮುಗಿಯಿತು ಎಂಬ ಬಡಿತ.

ಮುಗದೈತಂತ್ರಿ ಎಂದು ಫಕ್ಕೀರವ್ವ ಕೂಗಿದಳು. ಮಾಲತೇಶ ದೂರದಿಂದಲೇ, ಈಗ ತೆಗೆದರೆ ಮತ್ತೆ ಎಲ್ಲಾ ಮೊದಲಿಂದ ಆಗಬೇಕಾಗ್ತದ, ಗೇಟಿನ ಟೈಮು ತಪ್ಪತದ, ಸಾವುಕಾರ್ರಿಗೆ ನೀ ಹೇಳ್ತಿಯೇನು ಎಂದ. ಫಕ್ಕೀರವ್ವ ನಿಂತಳು. ಸಲಾಕೆ ಅವಳ ಕೈಯಲ್ಲೇ ಇತ್ತು.

ಇನ್ನೊಂದು ಬಡಿತ ಬಂತು. ಅದು ಕೆಳಗಿನಿಂದ ಬಂತು. ಬಾಗಿಲ ಬುಡದಿಂದ. ಕೈಯಿಂದ ಬಡಿದ ಹಾಗಿರಲಿಲ್ಲ. ಬೆರಳಿನಿಂದ ಕೆರೆದ ಹಾಗಿತ್ತು.

ಆಮೇಲೆ ಏನೂ ಬರಲಿಲ್ಲ. ಹಾಡಾದರೂ ಇದ್ದಿದ್ದರೆ ನಿಂತದ್ದು ತಿಳಿಯುತ್ತಿತ್ತು. ಸುಮ್ಮನಿರು ಎಂದು ಹೇಳಿದ ಮೇಲೆ, ಸುಮ್ಮನಿದ್ದವಳು ಸುಮ್ಮನಾದದ್ದು ಯಾರಿಗೆ ತಿಳಿಯಬೇಕು. ಸೆರಗಿನೊಳಗೆ ಅಂಗೈ ಸುಡುತ್ತಿತ್ತು. ತಿರುವಲೇ, ಬೇಡವೇ. ತಿರುವಲೇ, ಬೇಡವೇ. ಮನೆಯಲ್ಲಿ ಕತ್ತು ಹೊರಳದ ಗಂಡ. ಈ ಕೆಲಸ ಬಿಟ್ಟರೆ ಇನ್ನೊಂದಿಲ್ಲ. ಅವಳು ತಿರುವಲಿಲ್ಲ.

ಹನ್ನೊಂದು ನಿಮಿಷ ಆಗಿತ್ತು ಎಂದು ಆಮೇಲೆ ಮುಬಶೀರ ಹೇಳಿದ.

ಮೊಬೈಲಿನ ಮುಖ ಅಲುಗಾಡಿತು. ಮಾಲತೇಶ ಓಡಿ ಬಂದ. ತೆಗೆಯಿರಿ ಎಂದ ಸಾಹೇಬ. ಫಕ್ಕೀರವ್ವ ಸಲಾಕೆ ತಿರುವಿ ಬಾಗಿಲು ಎಳೆದಳು. ಬಾಗಿಲ ಹತ್ತಿರವೇ ಅನ್ನವ್ವ ಮಗ್ಗುಲಾಗಿ ಬಿದ್ದಿದ್ದಳು. ಬಾಯಲ್ಲಿ ನೊರೆ. ಒರೆಸಿದ ನೆಲದ ಮೇಲೆ ವಾಂತಿ. ಮಾಲತೇಶ ಮೊಬೈಲು ಇಳಿಸಲಿಲ್ಲ. ಸಾಹೇಬನಿಗೆ ಚಿತ್ರ ಮಬ್ಬಾಗಿ ಕಂಡಿರಬೇಕು.

“ಬಾಗಿಲ ಹತ್ರ ಅಡ್ಡ ಏನೋ ಬಿದ್ದದೆ,” ಎಂದ ಅವನು. “ಅದನ್ನ ತೆಗೆದು ನೆಲ ತೋರಿಸಿ.”

ತೆಗೆದರು. ಫಕ್ಕೀರವ್ವ ತಲೆ ಹಿಡಿದಳು, ಮುಬಶೀರ ಕಾಲು ಹಿಡಿದ. ನಾಲ್ವರು ಹಮಾಲರು ನೋಡುತ್ತ ನಿಂತಿದ್ದರು. ಮಾಲತೇಶ ಗೋಣಿಯಿಂದ ನೆಲ ಒರೆಸಿ, ಒಳಗೆ ಕಾಲಿಡದೆ ಕೈ ಚಾಚಿ ನೆಲ ತೋರಿಸಿದ. ಬೆಳಕು ಇತ್ತೇ ಎಂದು ಸಾಹೇಬ ಕೇಳಿದ. ಇಲ್ಲ ಸರ್, ಓಕೆ ಸರ್ ಎಂದ ಮಾಲತೇಶ. ಹಸಿರು ಗುರುತು ಮೂಡಿತು.

ಅನ್ನವ್ವನನ್ನು ಜೋಳದ ರಾಶಿಯ ಪಕ್ಕ ಮಲಗಿಸಿದರು. ಫಕ್ಕೀರವ್ವ ನೀರಿಗೆ ಓಡಿದಳು. ಕೈಗೆ ಸಿಕ್ಕಿದ್ದು ಸ್ಟೀಲಿನ ತಂಬಿಗೆ. ಅದು ಬ್ಯಾಡ, ಮಗ್ಗು ತಗೊ ಎಂದು ಹಮಾಲನೊಬ್ಬ ಅಭ್ಯಾಸಕ್ಕೆ ಎಂದುಬಿಟ್ಟ. ಎಂದವನೇ ತಲೆ ತಗ್ಗಿಸಿದ. ನೀರು ಅನ್ನವ್ವನ ಬಾಯಿಂದ ಹೊರಗೇ ಬಂತು. ಟಂಟಂ ರಿಕ್ಷಾ ತಂದು ಊರಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಕೈ ತಣ್ಣಗಾಗಿತ್ತು. ಅಂಥ ಬಿಸಿಲಿನಲ್ಲಿ ಆ ಕೈ ಒಂದೇ ತಣ್ಣಗಿತ್ತು.

ಸಂಜೆ ಫಕ್ಕೀರವ್ವ ಗೋದಾಮಿಗೆ ತಿರುಗಿ ಬಂದಾಗ ಡಬ್ಬಿ ತುಂಬಿ ಮುಗಿದಿತ್ತು. ಬಾಗಿಲಿಗೆ ಮುದ್ರೆ ಬಿದ್ದಿತ್ತು. ಮುಬಶೀರ ಲಾರಿಯ ಟೈರು ಬಡಿದು ನೋಡುತ್ತಿದ್ದ. ಅವಳು ಅವನ ಮುಂದೆ ಹೋಗಿ ನಿಂತಳು. ಇದನ್ನ ಒಯ್ಯಬ್ಯಾಡ ತಮ್ಮಾ, ಪೊಲೀಸರು ಬಂದು ಇದರ ಒಳಗ ನೋಡಲಿ ಎಂದಳು.

ಅವನು ಸೀಟಿನ ಮುಂದೆ ಅಂಟಿಸಿದ್ದ ಪೆಟ್ಟಿಗೆ ತೋರಿಸಿದ. ಮುದ್ರೆ ಬಿದ್ದ ಮೇಲೆ ಹತ್ತು ನಿಮಿಷ ಗಾಡಿ ನಿಂತರೆ ಬಂದರಿನಲ್ಲಿ ಅದು ಕೂಗುತ್ತದೆ. ಯಾಕೆ ನಿಂತಿ ಎಂದು ಫೋನು ಬರುತ್ತದೆ. ಮೂರು ಸಲ ನಿಂತರೆ ಗಾಡಿ ಇನ್ನೊಬ್ಬನಿಗೆ. ಮನೆಯಲ್ಲಿ ಮೂರು ಮಕ್ಕಳು, ಹೆಂಡತಿ ಶಬನಮಳಿಗೆ ಮತ್ತೆ ದಿನ ತುಂಬಿವೆ. ಇಷ್ಟು ಹೇಳಿ ಸುತ್ತ ನೋಡಿದ.

“ಅದು ಬಳ್ಳೊಳ್ಳಿ ಅಲ್ಲಕ್ಕಾ,” ಎಂದ. “ಅಕ್ಕಿಗೆ ಹುಳ ಹತ್ತಬಾರದಂತ ಗುಳಿಗಿ ಇಡ್ತಾರ. ಅದು ಗಾಳಿ ಆಗ್ತೈತಿ. ಆ ಗಾಳಿದು ಅದ ವಾಸನಿ. ಬಾಗಲಕ್ಕ ತಲಿಬುರುಡಿ ಚೀಟಿ ಇತ್ತು, ಅರ್ಧ ಹರದಿದ್ರು. ಖಾಲಿ ಡಬ್ಬಿ ಕೊಡೋವಾಗ ಮೊಬೈಲಿನ್ಯಾಗ ಸ್ವಚ್ಛ ಐತಿ ಅಂತ ಹಸರ ಬಂದಿತ್ತು. ನಾ ಓದಾಕ ಬಂದ್ರೂ ಓದಲಿಲ್ಲ. ಯಾರ ಮುಂದನೂ ನನ್ನ ಹೆಸರ ಹೇಳಬ್ಯಾಡ, ನಿನ್ನ ಕಾಲ ಬೀಳ್ತೇನಿ.”

ಲಾರಿ ಹೋಯಿತು. ಧೂಳು ಇಳಿಯುವ ತನಕ ಫಕ್ಕೀರವ್ವ ಅಲ್ಲೇ ನಿಂತಿದ್ದಳು. ಪುಡಿಗೆ ನೀರು ಚಿಮುಕಿಸಿದ್ದು ಕಣ್ಣ ಮುಂದೆ ಬಂತು. ವಾಸನೆ ಹೆಚ್ಚಾದದ್ದು ಬಂತು. ಅನ್ನವ್ವ ಎರಡು ಸಲ, ಎದೆ ತುಂಬ, ಅದನ್ನು ಎಳೆದುಕೊಂಡು ನಕ್ಕದ್ದು ಬಂತು.

ಮರುದಿನ ಮುಂಜಾನೆ ಸಾವುಕಾರನ ಕಡೆಯವರು ಕೇರಿಗೆ ಬಂದರು. ಅನ್ನವ್ವನಿಗೆ ಇದ್ದವಳು ಒಬ್ಬಳೇ ಮೊಮ್ಮಗಳು ಪೂಜಾ. ಹಾನಗಲ್ಲಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಮೊದಲ ಬಸ್ಸಿಗೆ ಬಂದು ಹೆಣದ ತಲೆಯ ಹತ್ತಿರ ಕೂತಿದ್ದಳು. ಮಣ್ಣಿನ ಖರ್ಚು ನೋಡಿಕೊಳ್ಳುತ್ತೇವೆ, ಓದಿಗೂ ಕೈ ಹಿಡಿಯುತ್ತೇವೆ ಎಂದು ಹೇಳಿ ಒಂದು ಕಾಗದ ಮುಂದೆ ಇಟ್ಟರು. ಪೂಜಾ ಓದಿದಳು. ಉದುರಿದ ಜೋಳ ಆರಿಸಲು ತಾನಾಗಿಯೇ ಗೋದಾಮಿಗೆ ಬಂದ ಮುದುಕಿ, ಬಿಸಿಲಿಗೆ ದಣಿದು ಖಾಲಿ ಡಬ್ಬಿಯೊಳಗೆ ಮಲಗಿ, ಹೃದಯ ನಿಂತು ಸತ್ತಳು ಎಂದಿತ್ತು. ಓದಿ ಫಕ್ಕೀರವ್ವನ ಮುಖ ನೋಡಿದಳು. ಸುತ್ತ ಕೇರಿಯ ಹಿರಿಯರು ನಿಂತಿದ್ದರು. ಗೋದಾಮಿಗೆ ಹೋಗುವ ಮನೆಗಳು ಇನ್ನೂ ಆರಿದ್ದವು. ಪೂಜಾ ಸಹಿ ಮಾಡಿದಳು. ಮಾಡಿ ಪೆನ್ನು ಕೈಯಿಂದ ಬಿಡಲಿಲ್ಲ. ಅವರೇ ಬಿಡಿಸಿಕೊಂಡು ಹೋದರು.

ಮಧ್ಯಾಹ್ನ ಠಾಣೆಯಿಂದ ಫೌಜದಾರ ಗೋದಾಮಿಗೆ ಬಂದ. ಜಾಗ ನೋಡಿ ಬರೆದುಕೊಳ್ಳಬೇಕಿತ್ತು. ಸಾವುಕಾರ ಕುರ್ಚಿ ಹಾಕಿಸಿದ. ಆ ಹೊತ್ತಿಗೆ ಇನ್ನೊಂದು ಖಾಲಿ ಡಬ್ಬಿ ಬಂದು ನಿಂತಿತ್ತು. ಇದು ನೀಲಿ. ಹಮಾಲರು ನಾಲ್ವರೂ ಆ ಕಾಗದಕ್ಕೆ ಸಾಕ್ಷಿ ಹಾಕಿದರು. ಕೊನೆಗೆ ಫಕ್ಕೀರವ್ವನನ್ನು ಕರೆಸಿದರು. ಜೋಡಿಯಲ್ಲಿ ಇದ್ದವಳು ನೀನೇ, ನಿನ್ನದೊಂದು ಹೆಬ್ಬೆಟ್ಟು ಬಿದ್ದರೆ ಮುಗಿಯಿತು ಎಂದ ಸಾವುಕಾರ. ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯ ಮಂದಿಯ ಜೋಡಿ ಮಾತಾಡಿದ ಹಾಗೆ ಮಾತಾಡಿದ. ನಿನ್ನ ಗಂಡ ನನ್ನ ಉಪ್ಪು ತಿಂದವ ಎಂದ.

“ಹೆಬ್ಬಟ್ಟ ಒತ್ತಂಗಿಲ್ಲರಿ,” ಎಂದಳು ಫಕ್ಕೀರವ್ವ. “ಆಕಿ ಕಾಳ ಆರಸಾಕ ಬಂದಿಲ್ಲ. ಕೆಲಸಕ್ಕ ಬಂದಿದ್ಲು. ಬಾಗಲಾ ಹಾಕಿದಾಕಿ ನಾನು.”

ಫೌಜದಾರ ತಲೆ ಎತ್ತಿದ. ಏನು ಕೆಲಸ ಎಂದ. ಬೆಳಕ ನೋಡೋದರಿ ಎಂದಳು. ಅವನಿಗೆ ತಿಳಿಯಲಿಲ್ಲ. ಅವಳು ಹೇಳಿದಳು. ಗುಡಿಸುವುದು ಹೇಳಿದಳು, ಒಳಗೆ ನಿಲ್ಲುವುದು ಹೇಳಿದಳು, ಹೊರಗಿಂದ ಸಲಾಕೆ ತಿರುವುವುದು ಹೇಳಿದಳು. ಬಡಿತ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಅದು ಅಜ್ಜಿ ಹೇಳುವ ಕತೆಯಂತೆ ಕೇಳತೊಡಗಿತು. ಮನುಷ್ಯರನ್ನು ಕಬ್ಬಿಣದೊಳಗೆ ಮುಚ್ಚಿ ತೂತು ಹುಡುಕುತ್ತಾರೆಂದರೆ ಯಾರು ನಂಬಬೇಕು. ಫೌಜದಾರ ನಕ್ಕ. ಇಂಥದ್ದೂ ಒಂದು ಕೆಲಸವೇ ಎಂದು ಸಾವುಕಾರನ ಕಡೆ ನೋಡಿದ. ಸಾವುಕಾರನೂ ನಕ್ಕ. ಅದೆಲ್ಲ ಈಗ ಮೊಬೈಲಿನಾಗ ಆಗ್ತದರಿ ಎಂದ.

ಮಾಲತೇಶ ಮೊಬೈಲು ತೋರಿಸಿದ. ಸಾಹೇಬನ ಜೋಡಿ ಆಡಿದ ಮಾತು ಅದರಲ್ಲಿ ಉಳಿದಿರಲಿಲ್ಲ. ಉಳಿದದ್ದು ಒಂದು ಫೋಟೋ. ಸ್ವಚ್ಛ ನೆಲ. ಅದರ ಕೆಳಗೆ ಹಸಿರು ಗುರುತು. ಒಳಗೆ ಯಾರಾದರೂ ಇದ್ದಾರೆಯೇ, ಇಲ್ಲ ಎಂದು ಬರೆದಿತ್ತು. ಬೆಳಕು ಪರೀಕ್ಷೆ ಮಾಡಿದವರು, ಮಾಲತೇಶ. ಹಿಂದಿನ ಎಲ್ಲ ಡಬ್ಬಿಗೂ ಅದೇ ಹೆಸರು. ದೀಪಾವಳಿಯಿಂದ ಅದೇ ಹೆಸರು.

ಒಳಗೆ ವಿಷದ ಗುಳಿಗೆಯ ಗಾಳಿ ಇತ್ತು ಎಂದಳು ಫಕ್ಕೀರವ್ವ. ಅದನ್ನು ಯಾರು ಹೇಳಿದರು ಎಂದು ಫೌಜದಾರ ಕೇಳಿದ. ಮುಬಶೀರನ ಹೆಸರು ನಾಲಗೆಯ ತುದಿಗೆ ಬಂತು. ಅವನು ಅನ್ನವ್ವನ ಕಾಲು ಹಿಡಿದು ಎತ್ತಿದ್ದ. ಇಷ್ಟು ಗಂಡಸರಲ್ಲಿ ಅವನೊಬ್ಬನೇ ಮುಟ್ಟಿದ್ದ. ಅವಳು ನುಂಗಿಕೊಂಡಳು. ವಾಸನಿ ಬಂದಿತ್ತರಿ ಎಂದಳು. ವಾಸನೆಯನ್ನು ಬರೆದುಕೊಳ್ಳಲು ಆಗುವುದಿಲ್ಲವ್ವ ಎಂದ ಫೌಜದಾರ. ದವಾಖಾನೆಯ ರಿಪೋರ್ಟು ಬರಲಿ, ನೋಡೋಣ. ಈಗ ನೀನು ಹೇಳಿದ ಕೆಲಸ ಹೆಂಗ ಮಾಡ್ತಿ, ಅದನ್ನಾದರೂ ಮಾಡಿ ತೋರಿಸು. ಡಬ್ಬಿ ಇಲ್ಲೇ ಇದೆಯಲ್ಲ.

ಎಲ್ಲರೂ ನೀಲಿ ಡಬ್ಬಿಯ ಕಡೆ ನೋಡಿದರು. ಬಾಗಿಲು ತೆರೆದಿತ್ತು. ಫಕ್ಕೀರವ್ವ ಅದರ ಹತ್ತಿರ ಹೋದಳು. ಬಾಗಿಲು ಹಿಡಿದು ನಿಂತಳು. ಒಳಗೆ ಕಾಲಿಡಲಿಲ್ಲ.

“ನಾ ಹೋಗಂಗಿಲ್ಲ,” ಎಂದಳು. “ಇವತ್ತಲ್ಲ, ಇನ್ನ ಮ್ಯಾಲ ಎಂದೂ ಹೋಗಂಗಿಲ್ಲ. ಎಲ್ಲಾ ಡಬ್ಬಿ ಮಾಲತೇಶಪ್ಪನ ನೋಡ್ಯಾನಂತಲ್ಲ, ಅವ ಹೋಗಲಿ. ಇಲ್ಲಾ, ಸಾವುಕಾರ್ರು ಹೋಗಲಿ. ನಿಮಗ ನಂಬಿಗಿ ಇಲ್ಲಂದ್ರ ನೀವ ಬರ್ರಿ ಸಾಹೇಬರ. ಒಳಗ ನಿಂದರ್ರಿ. ಬಾಗಲಾ ನಾ ಹಾಕ್ತೇನಿ. ಹನ್ನೊಂದ ನಿಮಿಷ. ಆಮ್ಯಾಲ ನೀವ ಏನ ಬರೀತೀರಿ ಅದಕ್ಕ ಹೆಬ್ಬಟ್ಟ ಒತ್ತತೇನಿ.”

ಮಾಲತೇಶ ಒಂದು ಹೆಜ್ಜೆ ಹಿಂದೆ ಸರಿದ. ಫೌಜದಾರ ಎದ್ದು ಬಂದು ಬಾಗಿಲ ತನಕ ಬಗ್ಗಿ ಒಳಗೆ ನೋಡಿದ. ಬಿಸಿ ಮುಖಕ್ಕೆ ಬಡಿದಿರಬೇಕು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ತಿರುಗಿ ಹೋಗಿ ಕುರ್ಚಿಯಲ್ಲಿ ಕೂತ. ಸಾಕ್ಷಿ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ ಎಂದು ಬರೆದ. ಯಾಕೆ ಒಪ್ಪಲಿಲ್ಲ ಎಂಬುದನ್ನು ಬರೆಯಲಿಲ್ಲ.

ನಾಳೆಯಿಂದ ನೀನು ಬರಬೇಕಿಲ್ಲ ಎಂದ ಸಾವುಕಾರ, ಅದೇ ಮನೆಯ ಮಂದಿಯ ದನಿಯಲ್ಲಿ.

ಚಹಾ ಬಂತು. ಫೌಜದಾರ ಚಹಾ ಕುಡಿಯುತ್ತಿರುವಾಗ ಮಾಲತೇಶನ ಮೊಬೈಲು ಹೊಡೆದುಕೊಂಡಿತು. ಬಂದರಿನ ಸಾಹೇಬ. ನೀಲಿ ಡಬ್ಬಿ ಇನ್ನೂ ಯಾಕೆ ತೋರಿಸಿಲ್ಲ, ಗೇಟಿನ ಟೈಮು ಹೋಗುತ್ತದೆ ಎಂದು ಅವನು ಕೇಳುತ್ತಿದ್ದದ್ದು ಎಲ್ಲರಿಗೂ ಕೇಳಿತು. ಸಾವುಕಾರ ಗೋದಾಮಿನ ಹಿಂದಕ್ಕೆ ಕೈ ಬೀಸಿದ. ಅಲ್ಲಿ ನೆರಳಲ್ಲಿ ಇಬ್ಬರು ಹೆಣ್ಣುಮಕ್ಕಳು ಕೂತಿದ್ದರು. ಬೇರೆ ಊರಿನ ಕೇರಿಯವರು. ಮುಂಜಾನೆಯೇ ಕರೆಸಿದ್ದರು. ಡಬ್ಬಿ ಆಗಲೇ ಗುಡಿಸಿಟ್ಟಿದ್ದರು. ಇಬ್ಬರಲ್ಲಿ ಸಣ್ಣಾಕೆ, ಇಪ್ಪತ್ತೈದರ ಮೇಲಿರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಡಬ್ಬಿ ಹತ್ತಿದಳು. ಇನ್ನೊಬ್ಬಳು ಬಾಗಿಲು ತಳ್ಳಿದಳು. ಮಾಲತೇಶ ಮೊಬೈಲು ಹಿಡಿದ. ಸಲಾಕೆ ತಿರುಗಿತು.

ಫೌಜದಾರನ ಕುರ್ಚಿಯಿಂದ ಡಬ್ಬಿ ಹತ್ತು ಹೆಜ್ಜೆ. ಅವನು ನೋಡುತ್ತಿದ್ದ.

“ನೋಡ್ರಿ ಸಾಹೇಬರ,” ಎಂದಳು ಫಕ್ಕೀರವ್ವ. “ಇದರಿ ಆ ಕೆಲಸ. ಬರಕೋರ್ರಿ.”

ಅವನು ಲೋಟ ಕೆಳಗಿಟ್ಟ. ಪೆನ್ನಿಗೆ ಟೊಪ್ಪಿಗೆ ಹಾಕಿ ಕಿಸೆಗೆ ಸಿಕ್ಕಿಸಿದ. ಬರೆಯುವುದು ಮುಗಿದಿದೆ ಎಂದ. ಹೋಗಿ ಗಾಡಿ ಚಾಲೂ ಮಾಡಿದ.

ಫಕ್ಕೀರವ್ವ ಓಡಿದಳು. ಸಲಾಕೆ ಹಿಡಿದವಳನ್ನು ತಳ್ಳಿ ತಿರುವಿದಳು. ಬಾಗಿಲು ಎಳೆದಳು. ಮೊಬೈಲಿನೊಳಗಿಂದ ಸಾಹೇಬ ಏನಾಯಿತು, ಯಾರದು ಎಂದ. ಒಳಗಿನವಳು ಬಿಸಿಲಿಗೆ ಕಣ್ಣು ಕಿವುಚಿಕೊಂಡು ನಿಂತಿದ್ದಳು. ಮೈಯೆಲ್ಲ ತೊಯ್ದಿತ್ತು. ಹೊರಗ ಬಾರವ್ವಾ ಎಂದು ಫಕ್ಕೀರವ್ವ ಅವಳ ಕೈ ಹಿಡಿದಳು. ನಿನ್ನೆ ಇಲ್ಲೊಬ್ಬಾಕಿ ಸತ್ತಾಳ ಎಂದಳು.

ಅವಳು ಕೈ ಕೊಸರಿಕೊಂಡಳು.

“ಗೊತ್ತೈತಿ,” ಎಂದಳು. “ಸತ್ತಿದ್ದಕ್ಕ ನಮಗ ಕೆಲಸ ಸಿಕ್ಕೈತಿ. ಈಗ ಮತ್ತ ಮೊದಲಿಂದ ನಿಂದರಬೇಕು. ಬಾಗಲಾ ಹಾಕು.”

ಫಕ್ಕೀರವ್ವ ಹಾಕಲಿಲ್ಲ. ಮಾಲತೇಶ ಬಂದು ಹಾಕಿದ.